ಬೇನೆ ಇದ್ದವರ ಮುಂದೆ ಯಾವ ಚಿತ್ರ ಹಿಡಿಯಬೇಕು?

ಕುಡಿಯುವ ನೀರಿನ ಫ್ಲೋರೈಡ್‌ನಿಂದ ಬರುವ ಫ್ಲೋರೋಸಿಸ್ ಬಗ್ಗೆ ತಿಳಿವಳಿಕೆ ಕೊಡುವ ಭಿತ್ತಿಪತ್ರಗಳಲ್ಲಿ ಸಾಮಾನ್ಯವಾಗಿ ಎರಡು ಚಿತ್ರಗಳಿರುತ್ತವೆ. ಒಂದರಲ್ಲಿ ಹಲ್ಲಿಗೆ ಕಂದು ಕಲೆ ಹಿಡಿದ ಮಗು. ಇನ್ನೊಂದರಲ್ಲಿ ಬೆನ್ನು ಬಾಗಿ, ಕಾಲು ಸೊಟ್ಟಗಾಗಿ, ಕೋಲೂರಿ ನಿಂತ ಮನುಷ್ಯ. ಮೈಯಲ್ಲಿ ಯಾವ ಬೇನೆಯೂ ಇಲ್ಲದವರು ಇದನ್ನು ನೋಡಿ ‘ಈ ನೀರು ಕುಡಿಯಬಾರದು’ ಎಂದುಕೊಂಡು ಮುಂದೆ ಹೋಗುತ್ತಾರೆ. ಹತ್ತು ವರ್ಷದಿಂದ ಟೊಂಕ, ಮೊಣಕಾಲು ಹಿಡಿದುಕೊಂಡು ನರಳುತ್ತಿರುವವರು ಅದೇ ಚಿತ್ರದ ಮುಂದೆ ನಿಂತರೆ ಅವರಿಗೆ ನೀರಿನ ಮಾತು ಕಾಣುವುದಿಲ್ಲ, ತಮ್ಮ ನಾಳೆ ಕಾಣುತ್ತದೆ. ಚಿತ್ರ ಒಂದೇ ಆದರೂ ನೋವಿರುವವರ ಗಮನ ಅದರ ಮೇಲೆ ಬೇರೆ ರೀತಿ ಬೀಳುತ್ತದೆಯೇ, ಬಿದ್ದರೆ ಅಲ್ಲಿಂದ ಸುಲಭವಾಗಿ ಬಿಡಿಸಿಕೊಳ್ಳುತ್ತದೆಯೇ ಎಂಬುದನ್ನು ಮನೋವಿಜ್ಞಾನಿಗಳು ಮೂರು ದಶಕಗಳಿಂದ ಪರೀಕ್ಷಿಸುತ್ತ ಬಂದಿದ್ದಾರೆ. ಆ ಪರೀಕ್ಷೆಗಳಿಂದ ಸಿಕ್ಕಿರುವ ಉತ್ತರಕ್ಕೆ ಕೊಪ್ಪಳ ಜಿಲ್ಲೆಯ ಆರೋಗ್ಯ ಕೇಂದ್ರಗಳ ಗೋಡೆಯೊಂದಿಗೂ, ವೈದ್ಯರ ಟೇಬಲ್ಲಿನೊಂದಿಗೂ ನೇರ ಸಂಬಂಧವಿದೆ.

ಈ ಜಿಲ್ಲೆಯಲ್ಲಿ ನೋವು ಎರಡು ದಾರಿಯಿಂದ ಬರುತ್ತದೆ. ಕುಷ್ಟಗಿ, ಯಲಬುರ್ಗಾದ ಕಡೆ ಅದು ನೀರಿನ ದಾರಿ. ಅಲ್ಲಿ ಕಾಲುವೆ ಇಲ್ಲದ ಒಣಭೂಮಿ, ಕೆಳಗೆ ಗಟ್ಟಿ ಕಣಶಿಲೆ, ಕುಡಿಯಲು ದಶಕಗಳ ಕಾಲ ಕೊಳವೆಬಾವಿಯೇ ಗತಿ. ಆ ಶಿಲೆಯ ಖನಿಜಗಳಲ್ಲಿರುವ ಫ್ಲೋರೈಡ್ ಅಂತರ್ಜಲಕ್ಕೆ ಕರಗಿ ಬರುತ್ತದೆ. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1 ಮಿಲಿಗ್ರಾಂ ಮೀರಬಾರದು, ಬೇರೆ ಮೂಲವಿಲ್ಲದಿದ್ದರೆ 1.5 ಮಿಲಿಗ್ರಾಂ ತನಕ ಸಹಿಸಬಹುದು ಎನ್ನುವುದು ನಮ್ಮ ಭಾರತೀಯ ಮಾನಕ. ಈ ಎರಡೂ ತಾಲ್ಲೂಕುಗಳ ಅನೇಕ ಬಾವಿಗಳು ಈ ಗೆರೆಯನ್ನು ದಾಟಿವೆ. ವರ್ಷಗಟ್ಟಲೆ ಕುಡಿದ ಫ್ಲೋರೈಡ್ ಮೊದಲು ಮಕ್ಕಳ ಹಲ್ಲಿನಲ್ಲಿ, ಆಮೇಲೆ ದೊಡ್ಡವರ ಕುತ್ತಿಗೆ, ಬೆನ್ನು, ಸೊಂಟದ ಕೀಲುಗಳಲ್ಲಿ ತೋರುತ್ತದೆ. ಎಲುಬು ದಪ್ಪವಾಗುತ್ತದೆ, ಕೀಲು ಬಿಗಿಯುತ್ತದೆ, ಎಲುಬುಗಳನ್ನು ಕಟ್ಟಿದ ತಂತುಗಳೂ ಸುಣ್ಣಗಟ್ಟುತ್ತವೆ. ಭಾರತದಲ್ಲಿ ಈ ರೋಗವನ್ನು ಮೊದಲು ಗುರುತಿಸಿದ್ದು 1937ರಲ್ಲಿ, ಆಗಿನ ಮದ್ರಾಸ್ ಪ್ರಾಂತದ ನೆಲ್ಲೂರು ಜಿಲ್ಲೆಯಲ್ಲಿ. ಗಂಗಾವತಿಯ ಕಡೆ ನೋವು ದುಡಿಮೆಯ ದಾರಿಯಿಂದ ಬರುತ್ತದೆ. ತುಂಗಭದ್ರಾ ಎಡದಂಡೆ ಕಾಲುವೆ ಆ ಸೀಮೆಯನ್ನು ಭತ್ತದ ಕಣಜ ಮಾಡಿತು. ಆ ಭತ್ತವನ್ನು ನಾಟಿ ಮಾಡುವ ಹೆಣ್ಣುಮಕ್ಕಳು ಎಡಗೈಯಲ್ಲಿ ಸಸಿಯ ಕಟ್ಟು ಹಿಡಿದು, ಬಲಗೈಯಿಂದ ಎರಡು ಮೂರು ಸಸಿ ಬಿಡಿಸಿ ಕೆಸರಿಗೆ ಊರುತ್ತ, ಬಗ್ಗಿದ ಬೆನ್ನನ್ನು ಎತ್ತದೆ ಹಿಂದಕ್ಕೆ ಹೆಜ್ಜೆ ಹಾಕುತ್ತಾರೆ. ಅಕ್ಕಿ ಗಿರಣಿಗಳ ಹಮಾಲರು ಬೆನ್ನ ಮೇಲೆ ಚೀಲ ಹೊರುತ್ತಾರೆ. ಇನ್ನು ಗುಳೆ ಹೋಗುವವರು ಬೆಂಗಳೂರು, ಮಂಗಳೂರಿನ ಕಟ್ಟಡಗಳಲ್ಲಿ ದುಡಿದು ಅಲ್ಲಿನ ಬೇನೆಯನ್ನೂ ಊರಿಗೆ ತರುತ್ತಾರೆ.

ಮೂರು ತಿಂಗಳು ದಾಟಿಯೂ ಬಿಡದ ನೋವನ್ನು ವೈದ್ಯಕೀಯದಲ್ಲಿ ದೀರ್ಘಕಾಲದ ನೋವು ಎನ್ನುತ್ತಾರೆ. ಹೊಸ ಗಾಯದ ನೋವಿಗೂ ಇದಕ್ಕೂ ಅವಧಿಯೊಂದೇ ಅಲ್ಲ, ಕೆಲಸದಲ್ಲೂ ವ್ಯತ್ಯಾಸವಿದೆ. ನೋವು ಇರುವುದೇ ಮನುಷ್ಯ ಮಾಡುತ್ತಿರುವುದನ್ನು ತಡೆದು ನಿಲ್ಲಿಸಲಿಕ್ಕೆ. ಕಾಲಿಗೆ ಮುಳ್ಳು ಹೊಕ್ಕಾಗ ಆಡುತ್ತಿದ್ದ ಮಾತು ಅರ್ಧಕ್ಕೆ ನಿಲ್ಲುತ್ತದೆ, ಕಣ್ಣು ಪಾದದ ಕಡೆ ಹೋಗುತ್ತದೆ, ಕೈ ಮುಳ್ಳು ಕೀಳುತ್ತದೆ, ಅಲ್ಲಿಗೆ ಗಮನ ಬಿಡುಗಡೆಯಾಗುತ್ತದೆ. ಇಂಗ್ಲೆಂಡಿನ ಕ್ರಿಸ್ಟೋಫರ್ ಎಕ್ಲ್‌ಸ್ಟನ್ ಮತ್ತು ಬೆಲ್ಜಿಯಂನ ಗೀರ್ಟ್ ಕ್ರೊಂಬೆಜ್ 1999ರಲ್ಲಿ ಬರೆದ ಪ್ರಬಂಧವೊಂದರ ತಿರುಳು ಇದೇ: ನೋವು ಗಮನವನ್ನು ಕೇಳಿ ಪಡೆಯುವುದಿಲ್ಲ, ಕಸಿದುಕೊಳ್ಳುತ್ತದೆ, ಅದು ಅಪಾಯದ ಸೂಚನೆ ಎಂದು ಅನ್ನಿಸಿದಷ್ಟೂ ಹೆಚ್ಚು ಕಸಿಯುತ್ತದೆ. ದೀರ್ಘಕಾಲದ ನೋವಿನಲ್ಲಿ ಕೀಳಲು ಮುಳ್ಳೇ ಇರುವುದಿಲ್ಲ. ಕರೆ ಬರುತ್ತಲೇ ಇರುತ್ತದೆ, ಗಮನ ಹೋಗುತ್ತಲೇ ಇರುತ್ತದೆ, ಮಾಡಬೇಕಾದ ಕೆಲಸ ಮಾತ್ರ ಏನೂ ಸಿಗುವುದಿಲ್ಲ. ಹೀಗೆ ವರ್ಷಗಟ್ಟಲೆ ಕಾವಲು ಕೂತ ಮನಸ್ಸು ಮೈಯೊಳಗಿನ ನೋವನ್ನಷ್ಟೇ ಅಲ್ಲ, ಹೊರಗಿನ ಲೋಕದಲ್ಲಿ ನೋವನ್ನು ನೆನಪಿಸುವ ಎಲ್ಲವನ್ನೂ ಮೊದಲು ಹುಡುಕಲು ಕಲಿಯುತ್ತದೆಯೇ? ಹೌದು ಎಂದು ಊಹಿಸುವುದು ಸುಲಭ. ಊಹೆಯನ್ನು ಅಳೆದು ನೋಡಿದಾಗ ಸಿಕ್ಕಿದ್ದು ಅಷ್ಟು ಸರಳವಾಗಿರಲಿಲ್ಲ.

ಅಳೆಯುವ ವಿಧಾನ ಹೀಗಿದೆ. ಪರದೆಯ ಮುಂದೆ ಕೂತವರಿಗೆ ನಡುವಿನ ಗುರುತಿನ ಮೇಲೆ ಕಣ್ಣಿಡಲು ಹೇಳುತ್ತಾರೆ. ಎರಡು ಚಿತ್ರಗಳು ಒಟ್ಟಿಗೇ ಮೂಡುತ್ತವೆ. ಒಂದು ನೋವಿನಿಂದ ಮುಖ ಹಿಂಡಿದವರದು, ಇನ್ನೊಂದು ಸಾಧಾರಣ ಮುಖ. ಹೆಚ್ಚಾಗಿ ಅರ್ಧ ಸೆಕೆಂಡಿನಲ್ಲಿ ಎರಡೂ ಮಾಯವಾಗುತ್ತವೆ. ಆ ಎರಡು ಜಾಗಗಳಲ್ಲಿ ಒಂದರಲ್ಲಿ ಸಣ್ಣ ಚುಕ್ಕೆ ಕಾಣುತ್ತದೆ. ಚುಕ್ಕೆ ಎಲ್ಲಿದೆ ಎಂದು ಗುಂಡಿ ಒತ್ತಿ ತಿಳಿಸಬೇಕು. ಚುಕ್ಕೆ ನೋವಿನ ಚಿತ್ರವಿದ್ದ ಕಡೆ ಬಂದಾಗ ಬೇಗ, ಎದುರು ಕಡೆ ಬಂದಾಗ ತಡವಾಗಿ ಒತ್ತಿದರೆ ಗಮನ ಆಗಲೇ ಆ ಚಿತ್ರದ ಹತ್ತಿರ ಹೋಗಿ ಕೂತಿತ್ತು ಎಂದರ್ಥ. ಸೆಕೆಂಡಿನ ನೂರನೆಯ ಒಂದೆರಡು ಭಾಗದ ವ್ಯತ್ಯಾಸ ಇದು. ನೂರಾರು ಸಲ ಒತ್ತಿಸಿ ಸರಾಸರಿ ತೆಗೆಯಬೇಕಾಗುತ್ತದೆ. ಆತಂಕ ಇರುವವರನ್ನು ಪರೀಕ್ಷಿಸಲು 1986ರಲ್ಲಿ ಬಂದ ಈ ವಿಧಾನವನ್ನು ಆಮೇಲೆ ನೋವಿನ ಸಂಶೋಧಕರು ಎತ್ತಿಕೊಂಡರು. ಕ್ರೊಂಬೆಜ್ ಮತ್ತು ಸಂಗಡಿಗರು 2013ರಲ್ಲಿ ಅದುವರೆಗಿನ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ ತೂಗಿದರು. ದೀರ್ಘಕಾಲದ ನೋವಿನ 1,023 ಜನರಲ್ಲಿ ನೋವಿನ ಪದ, ಚಿತ್ರಗಳ ಕಡೆ ವಾಲಿಕೆ ಇತ್ತು, ಆದರೆ ಬಹಳ ಸಣ್ಣದು: ಸಂಶೋಧಕರ ಅಳತೆಗೋಲಿನಲ್ಲಿ 0.13. ನೋವಿಲ್ಲದ 1,398 ಜನರಲ್ಲಿ ಅದು 0.08. ಎರಡರ ನಡುವೆ ನೆಚ್ಚಬಹುದಾದ ಅಂತರವೇ ಸಿಗಲಿಲ್ಲ.

ಇಲ್ಲಿಗೆ ವಾದ ಮುಗಿಯಿತು ಅನ್ನಿಸಬಹುದು. ಆದರೆ ಅದೇ ವಿಶ್ಲೇಷಣೆಯಲ್ಲಿ ಇನ್ನೊಂದು ಅಂಕಿ ಇದೆ, ನನ್ನ ಮಟ್ಟಿಗೆ ಅದೇ ಮುಖ್ಯವಾದದ್ದು. ಆರೋಗ್ಯವಂತ ಸ್ವಯಂಸೇವಕರಿಗೆ ‘ಈ ಬಣ್ಣ ಕಂಡರೆ ಸ್ವಲ್ಪ ಹೊತ್ತಿಗೆ ನಿಮ್ಮ ಕೈಗೆ ನೋವಾಗುತ್ತದೆ’ ಎಂದು ಮೊದಲೇ ಅನುಭವದಿಂದ ಕಲಿಸಿದ ಪ್ರಯೋಗಗಳಲ್ಲಿ ಆ ಬಣ್ಣದ ಕಡೆಗಿನ ವಾಲಿಕೆ 0.68ರಷ್ಟಿತ್ತು. ಎಂದರೆ ರೋಗಿಗಳಲ್ಲಿ ಕಂಡದ್ದರ ಐದು ಪಟ್ಟು! ಬರೀ ಬಣ್ಣದ ಚೌಕದಲ್ಲಿ ಭಯಾನಕವಾದದ್ದು ಏನೂ ಇಲ್ಲ. ಅದು ನನ್ನ ಮೈಗೆ ಬರಲಿರುವ ನೋವಿನ ಮುನ್ಸೂಚನೆ ಎಂಬ ತಿಳಿವಳಿಕೆಯೇ ಗಮನವನ್ನು ಹಿಡಿದು ಎಳೆದದ್ದು. ಯಾರದೋ ಹಿಂಡಿದ ಮುಖ, ಯಾವುದೋ ಸೂಜಿಯ ಫೋಟೊ, ‘ಇರಿತ’, ‘ಉರಿ’ ಎಂಬ ಮುದ್ರಿತ ಪದ, ಇವು ನೋವಿಗೆ ಸಂಬಂಧಪಟ್ಟವು ನಿಜ. ಆದರೆ ಮೊಣಕಾಲು ಬೇನೆ ಇರುವವರ ಮೊಣಕಾಲಿಗೆ ಇವು ಏನನ್ನೂ ಮುಂತಿಳಿಸುವುದಿಲ್ಲ. ಪ್ರಯೋಗಶಾಲೆಯಲ್ಲಿ ಪರಿಣಾಮ ಸಣ್ಣದಾಗಿ ಕಂಡದ್ದಕ್ಕೆ ಒಂದು ಕಾರಣ ಚಿತ್ರಗಳ ಆಯ್ಕೆಯಲ್ಲೇ ಇದೆ ಎಂದು ನನಗೆ ಅನ್ನಿಸುತ್ತದೆ. ಯಾವ ಚಿತ್ರ ಬೆದರಿಕೆಯದು ಎಂಬುದನ್ನು ನೋಡುವವರ ಬದುಕು ನಿರ್ಧರಿಸುತ್ತದೆ, ಚಿತ್ರದ ಭೀಕರತೆಯಲ್ಲ.

ಇದಕ್ಕೆ ಪುಷ್ಟಿ ಕೊಡುವ ಕೆಲಸ ನೆದರ್ಲೆಂಡ್ಸ್‌ನ ಮಾಸ್ಟ್ರಿಖ್ಟ್‌ನಲ್ಲಿ ನಡೆಯಿತು. ಅಲ್ಲಿನವರು ಬೆನ್ನುನೋವಿನ ರೋಗಿಗಳಿಗಾಗಿ ದಿನನಿತ್ಯದ ಕೆಲಸಗಳ ಫೋಟೊ ಸಂಗ್ರಹವೊಂದನ್ನು ಮಾಡಿದರು. ಅದರ ಚಿಕ್ಕ ಆವೃತ್ತಿಯಲ್ಲಿ 40 ಚಿತ್ರಗಳಿವೆ. ರಕ್ತವಿಲ್ಲ, ಗಾಯವಿಲ್ಲ. ನೆಲ ಅಗೆಯುವುದು, ಭಾರ ಎತ್ತುವುದು, ಬಗ್ಗಿ ನೆಲದ ಮೇಲಿನ ವಸ್ತು ತೆಗೆದುಕೊಳ್ಳುವುದು, ಇಂಥವು. ‘ಈ ಕೆಲಸ ನಿಮ್ಮ ಬೆನ್ನಿಗೆ ಎಷ್ಟು ಹಾನಿ ಮಾಡುತ್ತದೆ’ ಎಂದು ಕೇಳಿ ಸೊನ್ನೆಯಿಂದ ನೂರರವರೆಗೆ ಗುರುತು ಹಾಕಿಸುತ್ತಾರೆ. ನೋವಿಲ್ಲದವರಿಗೆ ಕಸಗುಡಿಸುವ ಫೋಟೊದಲ್ಲಿ ಹೆದರುವಂಥದ್ದು ಏನಿದೆ? ಬೆನ್ನುನೋವಿಗೆ ಹೆದರಿದವರು ಅದಕ್ಕೇ ಎಂಬತ್ತು, ತೊಂಬತ್ತು ಕೊಡುವುದುಂಟು. ಅಲ್ಲಿನ ಯೋಹಾನ್ ಫ್ಲೇಯನ್ ಮತ್ತು ಸ್ವೀಡನ್ನಿನ ಸ್ಟೀವನ್ ಲಿಂಟನ್ 2000ದಲ್ಲಿ ವಿವರಿಸಿದ ಸರಪಳಿ ಇಲ್ಲಿಂದ ಶುರುವಾಗುತ್ತದೆ: ನೋವು ಎಂದರೆ ಒಳಗೆ ಏನೋ ಮುರಿಯುತ್ತಿದೆ ಎಂಬ ನಂಬಿಕೆ, ಅದರಿಂದ ಭಯ, ಭಯದಿಂದ ಸದಾ ಮೈಯ ಮೇಲೆ ಕಾವಲು, ಆ ಕೆಲಸದಿಂದ ದೂರ ಸರಿಯುವುದು, ದೂರ ಸರಿದಷ್ಟೂ ಸ್ನಾಯು ಸೊರಗಿ ಮನಸ್ಸು ಕುಗ್ಗಿ ನೋವು ಹೆಚ್ಚುವುದು.

ಆ ನಲವತ್ತು ಫೋಟೊಗಳನ್ನು ಗಂಗಾವತಿಗೆ ತಂದರೆ ಹೆಚ್ಚಿನವು ಉಪಯೋಗಕ್ಕೆ ಬರಲಿಕ್ಕಿಲ್ಲ. ಇಲ್ಲಿನ ಸಂಗ್ರಹವನ್ನು ಇಲ್ಲಿಯ ಕೆಲಸದಿಂದಲೇ ಮಾಡಬೇಕು. ನೀರು ನಿಲ್ಲಿಸಿ ಹದಗೊಳಿಸಿದ ಗದ್ದೆ ಮತ್ತು ಬದುವಿನ ಮೇಲಿಟ್ಟ ಸಸಿಯ ಕಟ್ಟುಗಳು, ಗಿರಣಿ ಅಂಗಳದ ಚೀಲದ ಅಟ್ಟಿ, ಕುಷ್ಟಗಿ ಕಡೆಯ ಮನೆಗಳಲ್ಲಿ ನೆಲದ ಮೇಲೆ ಕೂತು ರೊಟ್ಟಿ ಬಡಿಯುವುದು, ಟಾಕಿಯಿಂದ ಕೊಡ ಎತ್ತಿ ಟೊಂಕಕ್ಕೆ ಇಟ್ಟುಕೊಳ್ಳುವುದು. ನೋವಿನ ಗಮನ ಬೆಳಗಾದರೆ ಇವುಗಳ ಮೇಲೆ ಬೀಳುತ್ತದೆ, ಇವು ಪರದೆಯ ಮೇಲಿನ ಚಿತ್ರಗಳಂತೆ ಅರ್ಧ ಸೆಕೆಂಡಿಗೆ ಮಾಯವಾಗುವುದೂ ಇಲ್ಲ. ಅದಕ್ಕಿಂತ ಮುಖ್ಯವಾದ ವ್ಯತ್ಯಾಸ ಇನ್ನೊಂದಿದೆ. ಯುರೋಪಿನ ಸಿದ್ಧಾಂತ ಹೆದರಿದವರು ಕೆಲಸ ಬಿಟ್ಟು ಕೂರುತ್ತಾರೆ ಎಂದುಕೊಳ್ಳುತ್ತದೆ. ದಿನಗೂಲಿಯ ಮೇಲೆ ಮನೆ ನಡೆಸುವವರಿಗೆ ಕೂರುವ ಅವಕಾಶ ಎಲ್ಲಿದೆ? ಅವರು ಹೆದರಿಕೊಂಡೇ ಗದ್ದೆಗೆ ಇಳಿಯುತ್ತಾರೆ, ಮೈ ಬಿಗಿಹಿಡಿದೇ ಚೀಲಕ್ಕೆ ಬೆನ್ನು ಕೊಡುತ್ತಾರೆ. ಭಯ ಕಡಿಮೆಯಾಗಲು ಬೇಕಾದ ನಿಧಾನದ ಅಭ್ಯಾಸವೂ ಇಲ್ಲ, ಮೈಗೆ ಬೇಕಾದ ವಿಶ್ರಾಂತಿಯೂ ಇಲ್ಲ. ಹಾಗಾಗಿ ‘ನೋವಿದ್ದರೂ ದುಡಿಯುತ್ತಾರಲ್ಲ, ಇವರಿಗೆ ಭಯ ಎಲ್ಲಿಯದು’ ಎಂದು ತೀರ್ಮಾನಿಸುವುದು ಅನ್ಯಾಯ.

ಇನ್ನೊಂದು ಬೆದರಿಕೆಯ ಚಿತ್ರ ನಾವೇ ರೋಗಿಯ ಕೈಗೆ ಕೊಡುವಂಥದ್ದು: ಎಕ್ಸ್‌ರೇ ಮತ್ತು ಎಂಆರ್‌ಐ ಫಿಲ್ಮು. ಕಿಟಕಿಯ ಬೆಳಕಿಗೆ ಹಿಡಿದು ಬೆರಳಿಂದ ತೋರಿಸಿ ‘ನೋಡ್ರಿ, ಮಣಕ ಸವದಾವ, ಇಲ್ಲಿ ನರ ಒತ್ಯಾವ, ಗ್ಯಾಪ್ ಬಂದೈತಿ’ ಎಂದು ಒಂದು ಸಲ ಹೇಳಿದರೆ ಸಾಕು, ಆ ಮಾತು ಹತ್ತು ವರ್ಷ ಉಳಿಯುತ್ತದೆ. ಬಗ್ಗಿದಾಗಲೆಲ್ಲ ಕಪ್ಪು ಬಿಳುಪಿನ ಆ ಚಿತ್ರ ಕಣ್ಣ ಮುಂದೆ ಬರುತ್ತದೆ. ಆದರೆ ಆ ಚಿತ್ರ ಹೇಳುವುದು ಏನು? ಬೆನ್ನುನೋವೇ ಇಲ್ಲದ 3,110 ಜನರ ಬೆನ್ನಿನ ಸ್ಕ್ಯಾನ್‌ಗಳನ್ನು ಒಟ್ಟುಗೂಡಿಸಿ ನೋಡಿದ ವರದಿ 2015ರಲ್ಲಿ ಬಂತು. ಇಪ್ಪತ್ತರ ಹರೆಯದವರಲ್ಲೇ ಶೇ 37 ಮಂದಿಗೆ ಡಿಸ್ಕ್ ಸವೆತ ಇತ್ತು. ಎಂಬತ್ತರವರಲ್ಲಿ ಶೇ 96. ಡಿಸ್ಕ್ ಉಬ್ಬಿದ್ದು ಇಪ್ಪತ್ತರಲ್ಲಿ ಶೇ 30, ಎಂಬತ್ತರಲ್ಲಿ ಶೇ 84. ತಲೆ ನರೆಯುವಷ್ಟೇ ಸಹಜವಾದ ಬದಲಾವಣೆ ಇದು. ಈ ವಾಕ್ಯವೊಂದನ್ನು ಫಿಲ್ಮಿನ ಜೊತೆಗೇ ಹೇಳದೆ ಕಳಿಸುವುದು ಹೆದರಿದವರ ಮೇಲೆ ಹಾವು ಎಸೆದಂತೆ. ಕುಷ್ಟಗಿ, ಯಲಬುರ್ಗಾದ ಫ್ಲೋರೋಸಿಸ್ ರೋಗಿಯ ಎಕ್ಸ್‌ರೇ ಮಾತ್ರ ಬೇರೆ ಕಥೆ. ಅಲ್ಲಿ ಸಾಂದ್ರವಾದ ಎಲುಬು, ಸುಣ್ಣಗಟ್ಟಿದ ತಂತು ನಿಜವಾದ ರೋಗದ ಗುರುತು. ಅದನ್ನು ವಯಸ್ಸಿನ ಬದಲಾವಣೆ ಎಂದು ತಳ್ಳಿಹಾಕಿದರೆ ತಪ್ಪಾಗುತ್ತದೆ. ಅಂಥ ಫಿಲ್ಮು ತೋರಿಸುವಾಗ ಹೇಳಬೇಕಾದ ಮಾತೂ ಬೇರೆ: ಇದು ಹಿಂದಕ್ಕೆ ಹೋಗುವುದಿಲ್ಲ, ಆದರೆ ನೀರು ಬದಲಿಸಿದರೆ ಮುಂದಕ್ಕೆ ಹೋಗುವುದನ್ನು ತಡೆಯಬಹುದು, ಕೀಲು ಆಡಿಸುತ್ತಿದ್ದರೆ ಬಿಗಿಯುವುದು ಕಡಿಮೆ.

ಇಷ್ಟು ಹೇಳಿದಾಗ ಏಳುವ ಮೊದಲ ಆಕ್ಷೇಪ ಸಿಟ್ಟಿನದು, ಆ ಸಿಟ್ಟಿನಲ್ಲಿ ನ್ಯಾಯವಿದೆ. ‘ವಿಷದ ನೀರು ಕುಡಿಸಿ, ಸೊಂಟ ಮುರಿಯುವ ಹಾಗೆ ದುಡಿಸಿ, ಈಗ ನೋವು ಮನಸ್ಸಿನದು ಅನ್ನುತ್ತೀರಾ?’ ಇಲ್ಲ. ನೋವು ಎಂದರೆ ಅಹಿತಕರವಾದ ಸಂವೇದನೆಯೂ ಹೌದು, ಭಾವನೆಯೂ ಹೌದು ಎಂದು ಅಂತರರಾಷ್ಟ್ರೀಯ ನೋವು ಅಧ್ಯಯನ ಸಂಘ ತನ್ನ 2020ರ ಪರಿಷ್ಕೃತ ವ್ಯಾಖ್ಯೆಯಲ್ಲಿ ಹೇಳಿದೆ. ಒಬ್ಬರು ತನಗೆ ನೋವಿದೆ ಎಂದರೆ ಆ ಮಾತನ್ನು ಗೌರವಿಸಬೇಕು ಎಂದೂ ಅದಕ್ಕೆ ಸೇರಿಸಿದೆ. ನೋವಿನ ಸಂಶೋಧಕರಾದ ಮೆಲ್ಜಾಕ್ ಮತ್ತು ವಾಲ್ 1965ರಲ್ಲೇ ಪ್ರತಿಪಾದಿಸಿದ ಹಾಗೆ, ಮೈಯಿಂದ ಬರುವ ನೋವಿನ ಸಂಕೇತವನ್ನು ಬೆನ್ನುಹುರಿಯಲ್ಲೇ ಹಿಗ್ಗಿಸುವ, ಕುಗ್ಗಿಸುವ ವ್ಯವಸ್ಥೆಯಿದೆ, ಮಿದುಳಿನಿಂದ ಇಳಿದು ಬರುವ ಸಂದೇಶಗಳಿಗೂ ಅದರಲ್ಲಿ ಪಾಲಿದೆ. ಗಮನ, ಭಯ ಎರಡೂ ಆ ಸಂದೇಶಗಳ ಭಾಗ. ಎಲುಬಿನ ರೋಗವೂ ನಿಜ, ಅದರ ಮೇಲೆ ಭಯ ಹೇರುವ ಭಾರವೂ ನಿಜ. ಒಂದನ್ನು ಇಳಿಸುವುದೆಂದರೆ ಇನ್ನೊಂದನ್ನು ಅಲ್ಲಗಳೆದಂತೆ ಅಲ್ಲ. ಶುದ್ಧ ನೀರಿಗೆ ಯಾವ ಮನೋವಿಜ್ಞಾನವೂ ಬದಲಿ ಆಗಲಾರದು. ಕೃಷ್ಣೆಯ ನೀರನ್ನು ಈ ಒಣ ತಾಲ್ಲೂಕುಗಳಿಗೆ ತರುವ ಬಹುಗ್ರಾಮ ಯೋಜನೆ ಪ್ರತಿ ಮನೆಯ ನಲ್ಲಿಗೂ ತಪ್ಪದೆ ತಲುಪಬೇಕು, ಊರಿನ ಶುದ್ಧ ನೀರಿನ ಘಟಕ ಕೆಟ್ಟು ನಿಂತರೆ ವಾರದೊಳಗೆ ದುರಸ್ತಿಯಾಗಬೇಕು. ಈ ಬೇಡಿಕೆಯ ಪಕ್ಕದಲ್ಲಿ ನಿಲ್ಲಬೇಕಾದ ಮಾತಷ್ಟೇ ನನ್ನದು.

ಎರಡನೆಯ ಆಕ್ಷೇಪ ಆರೋಗ್ಯ ಪ್ರಚಾರ ಮಾಡುವವರದು: ಹೆದರಿಸದಿದ್ದರೆ ಜನ ಕೇಳುವುದಿಲ್ಲ. ಇದನ್ನು ತಳ್ಳಿಹಾಕುವಂತಿಲ್ಲ. ಭಯದ ಸಂದೇಶಗಳ ಬಗ್ಗೆ 2015ರಲ್ಲಿ ಬಂದ ದೊಡ್ಡ ವಿಶ್ಲೇಷಣೆ ಅವು ಒಟ್ಟಾರೆ ಕೆಲಸ ಮಾಡುತ್ತವೆ ಎಂದೇ ಕಂಡುಕೊಂಡಿದೆ. ಆದರೆ ಯಾವಾಗ ಹೆಚ್ಚು ಕೆಲಸ ಮಾಡುತ್ತವೆ ಎಂಬುದನ್ನೂ ಅದು ಹೇಳಿದೆ: ನೋಡಿದವರಿಗೆ ‘ನಾನು ಇದನ್ನು ತಪ್ಪಿಸಬಲ್ಲೆ, ಹೇಗೆಂದರೆ ಹೀಗೆ’ ಎಂಬ ದಾರಿ ಜೊತೆಗೇ ಸಿಕ್ಕಾಗ. ಬೀಡಿ, ಗುಟ್ಕಾ ಪೊಟ್ಟಣದ ಮೇಲಿನ ಚಿತ್ರ 2016ರಿಂದ ಪೊಟ್ಟಣದ ಶೇ 85 ಭಾಗ ತುಂಬಿದೆ. 2018ರಿಂದ ಅದರ ಜೊತೆ ಬಿಡಲು ನೆರವಾಗುವ ದೂರವಾಣಿ ಸಂಖ್ಯೆಯನ್ನೂ ಅಚ್ಚು ಹಾಕುತ್ತಾರೆ. ಪೊಟ್ಟಣ ನೋಡುವವರ ಕೈಯಲ್ಲಿ ಅದನ್ನು ಎಸೆಯುವ ಅವಕಾಶವಿದೆ. ಬಾಗಿದ ಬೆನ್ನಿನ ಭಿತ್ತಿಪತ್ರ ನೋಡುವ ಐವತ್ತೈದರ ರೋಗಿಯ ಕೈಯಲ್ಲಿ ಏನಿದೆ? ಮಗುವಿನ ತಾಯಿಗೆ ಆ ಚಿತ್ರ ಎಚ್ಚರಿಕೆ, ಈಗಾಗಲೇ ಬೇನೆ ಹತ್ತಿದವರಿಗೆ ಅದು ತೀರ್ಪು. ಹಾಗಾಗಿ ಅಂಗನವಾಡಿಯ ಗೋಡೆಗೆ ಒಂದು ಚಿತ್ರ, ನೋವಿನ ರೋಗಿಗಳು ಸಾಲು ನಿಲ್ಲುವ ಹೊರರೋಗಿ ವಿಭಾಗಕ್ಕೆ ಇನ್ನೊಂದು ಚಿತ್ರ ಎಂದು ವಿಂಗಡಿಸುವುದೇ ವಿವೇಕ. ಭಯವಿಲ್ಲದ ಪ್ರಚಾರವೂ ಗೆಲ್ಲುತ್ತದೆ ಎಂಬುದಕ್ಕೆ ಉದಾಹರಣೆ ಇದೆ. ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯ 1997ರಿಂದ ಟಿ.ವಿ. ಮೂಲಕ ‘ಬೆನ್ನುನೋವೆಂದು ಮಲಗಬೇಡಿ, ಓಡಾಡುತ್ತಿರಿ’ ಎಂದು ಹೇಳುತ್ತ ಬಂತು. 2001ರಲ್ಲಿ ಪ್ರಕಟವಾದ ಮೌಲ್ಯಮಾಪನದ ಪ್ರಕಾರ, ಪಕ್ಕದ ನ್ಯೂ ಸೌತ್ ವೇಲ್ಸ್‌ಗೆ ಹೋಲಿಸಿದರೆ ಅಲ್ಲಿನ ಜನರ ನಂಬಿಕೆಗಳು ಬದಲಾದವು, ವೈದ್ಯರ ನಂಬಿಕೆಗಳೂ ಬದಲಾದವು, ಬೆನ್ನುನೋವಿನ ಪರಿಹಾರದ ಅರ್ಜಿಗಳೂ ಕಡಿಮೆಯಾದವು.

ಮೂರನೆಯ ಆಕ್ಷೇಪ ವಿಜ್ಞಾನದ ಒಳಗಿನದು. ಪರಿಣಾಮ ಇಷ್ಟು ಸಣ್ಣದಿರುವಾಗ ಇದರ ಮೇಲೆ ನೀತಿ ಕಟ್ಟಬಹುದೇ? ದುಬಾರಿ ನೀತಿ ಕಟ್ಟಬಾರದು, ಒಪ್ಪುತ್ತೇನೆ. ಕಂಪ್ಯೂಟರ್ ಮುಂದೆ ಕೂರಿಸಿ ಗಮನವನ್ನು ನೋವಿನ ಚಿತ್ರದಿಂದ ಆಚೆಗೆ ತಿರುಗಿಸಲು ಕಲಿಸುವ ತರಬೇತಿಗಳು ಬಂದಿವೆ. ಫಲಿತಾಂಶ ಒಂದು ಕಡೆ ಚೆನ್ನ, ಇನ್ನೊಂದು ಕಡೆ ಶೂನ್ಯ. ಅಂಥದ್ದನ್ನು ಮೊಬೈಲ್ ಆ್ಯಪ್ ಮಾಡಿ ಮಾರಲು ಬರುವವರಿಗೆ ಈ ಜಿಲ್ಲೆಯ ಹಣ ಹೋಗಬಾರದು. ಆದರೆ ಫಿಲ್ಮು ತೋರಿಸುವಾಗ ಎರಡು ವಾಕ್ಯ ಹೆಚ್ಚು ಹೇಳಲು, ಭಿತ್ತಿಪತ್ರದ ಚಿತ್ರ ಬದಲಿಸಲು ಖರ್ಚು ಏನೂ ಇಲ್ಲ, ಹಾನಿಯಂತೂ ಇಲ್ಲವೇ ಇಲ್ಲ. ಮಾಡುವವರು ಯಾರು ಎಂಬ ಪ್ರಶ್ನೆಗೂ ಪಕ್ಕದ ಜಿಲ್ಲೆಯಲ್ಲೇ ಉತ್ತರವಿದೆ. 1980ರ ದಶಕದಲ್ಲಿ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ಸಾಮಾನ್ಯ ವೈದ್ಯರು, ಆರೋಗ್ಯ ಕಾರ್ಯಕರ್ತರಿಗೆ ಮಾನಸಿಕ ಕಾಯಿಲೆ ಗುರುತಿಸಿ ಉಪಚರಿಸುವುದನ್ನು ಕಲಿಸಿತು. ಆ ‘ಬಳ್ಳಾರಿ ಮಾದರಿ’ಯೇ 1996ರಲ್ಲಿ ಇಡೀ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಬುನಾದಿಯಾಯಿತು. ಹೊಳೆಯಾಚೆ ಆದದ್ದು ಈಚೆ ಆಗಲಾರದೇ? ಕೊಪ್ಪಳದಲ್ಲಿ ಈಗ ಸರಕಾರಿ ವೈದ್ಯಕೀಯ ಕಾಲೇಜಿದೆ, ಹಳ್ಳಿ ಹಳ್ಳಿಯಲ್ಲಿ ಆಶಾ ಕಾರ್ಯಕರ್ತೆಯರಿದ್ದಾರೆ.

ಅವರೆಲ್ಲರಲ್ಲಿ ನನ್ನ ಕೋರಿಕೆ ಇಷ್ಟು. ಟೊಂಕ ಬೇನೆ ಎಂದು ಬಂದವರನ್ನು ಎಲ್ಲಿ ನೋವು ಎಂದು ಕೇಳಿದ ಮೇಲೆ ಯಾವ ಕೆಲಸ ಕಂಡರೆ ಹೆದರಿಕೆ ಆಗುತ್ತದೆ ಎಂದೂ ಕೇಳಿ. ನಾಟಿ ಎಂದರೆ, ಒಂದೇ ಸಲ ಗದ್ದೆಗೆ ಕಳಿಸದೆ, ಬಿಡಿ ಎಂದೂ ಹೇಳದೆ, ಸ್ವಲ್ಪ ಹೊತ್ತು ಬಗ್ಗಿ ನಡುವೆ ಬೆನ್ನು ನೆಟ್ಟಗೆ ಮಾಡುವ ಅಭ್ಯಾಸದಿಂದ ಶುರು ಮಾಡಿಸಿ. ನಾಟಿಯ ಗುಂಪನ್ನು ನಡೆಸುವವರಿಗೂ ಈ ಬಿಡುವು ಯಾಕೆ ಬೇಕೆಂದು ತಿಳಿಸಿ. ಫಿಲ್ಮು ಕೊಡುವಾಗ ಅದರಲ್ಲಿ ವಯಸ್ಸಿನದು ಎಷ್ಟು, ರೋಗದ್ದು ಎಷ್ಟು ಎಂದು ಕನ್ನಡದಲ್ಲಿ ಬಿಡಿಸಿ ಹೇಳಿ. ಫ್ಲೋರೋಸಿಸ್ ಭಿತ್ತಿಪತ್ರದಲ್ಲಿ ಬಾಗಿದ ಬೆನ್ನು ಇರುವ ಜಾಗದಲ್ಲಿ ಆ ಊರಿನ ಯಾವ ನಲ್ಲಿಯ ನೀರು ಕುಡಿಯಲು ಯೋಗ್ಯ, ಯಾವ ಬೋರಿನ ನೀರು ಬಳಕೆಗೆ ಮಾತ್ರ ಎಂದು ಬರೆಯಿರಿ, ಕೊಳವೆಬಾವಿ ನೀರನ್ನು ಕಾಯಿಸಿದರೆ ಫ್ಲೋರೈಡ್ ಹೋಗುವುದಿಲ್ಲ ಎಂಬುದನ್ನೂ ದೊಡ್ಡ ಅಕ್ಷರದಲ್ಲಿ ಬರೆಯಿರಿ.